ಸಜ್ಜಾದ ಕೆಳಗಿನ ಕಾಗದ ಕಾರ್ಖಾನೆ

ನನ್ನ ಹೊಸ ಚಿತ್ರದ ಮುಂದೆ ನಿಂತವರು ಬೆಲೆ ಕೇಳುವುದಿಲ್ಲ, "ಇದು ಕಚ್ಚಲ್ಲ ತಾನೆ?" ಅನ್ನುತ್ತಾರೆ. ಪಕ್ಕದ ಮನೆಯ ಅಜ್ಜಿಯಂತೂ ಕನ್ನಡಕ ಏರಿಸಿಕೊಂಡು ಹತ್ತಿರದಿಂದ ನೋಡಿ, "ಗುಡಿಸಿ ಎಸೆಯೋದನ್ನೆಲ್ಲ ಅಂಟಿಸಿದ್ದೀಯಲ್ಲಮ್ಮ" ಎಂದರು. ವಿಮರ್ಶೆ ಎಂದರೆ ಹೀಗಿರಬೇಕು.

ಅಂಟಿಸಿದ್ದು ನಿಜ. ಪ್ಲೈವುಡ್ ಹಲಗೆಯ ಮೇಲೆ ಹಳೆಯ ಬಸ್ ಟಿಕೆಟ್ಟು, ಕರೆಂಟ್ ಬಿಲ್ಲು, ಬೆಂಗಳೂರು ನಕ್ಷೆಯ ಹರಿದ ಚೂರು. ಎಲ್ಲಕ್ಕೂ ನೀರು ಬೆರೆಸಿದ ಫೆವಿಕಾಲ್. ಅದರ ಮೇಲೆ ಅಕ್ರಿಲಿಕ್ ಬಣ್ಣದಲ್ಲಿ ಅಪಾರ್ಟ್‌ಮೆಂಟುಗಳು, ಮೆಟ್ರೊ ಕಂಬಗಳು. ನಡುವೆ, ಬಣ್ಣ ಸೋಕಿಸದೆ, ನಮ್ಮ ಅಡುಗೆಮನೆ ಕಿಟಕಿಯ ಸಜ್ಜಾದ ಕೆಳಗೆ ಕಣಜಗಳು ಕಟ್ಟಿ ಬಿಟ್ಟುಹೋದ ಗೂಡು.

ಆ ಗೂಡನ್ನು ಅಂಗೈಯಲ್ಲಿಟ್ಟು ನೋಡಬೇಕು. ತೂಕವೇ ಇಲ್ಲ. ಕೆಳಮುಖವಾಗಿ ತೆರೆದ ಆರು ಮೂಲೆಯ ಕೋಣೆಗಳು. ಅಷ್ಟನ್ನೂ ಹೊತ್ತು ನಿಂತದ್ದು ಒಂದು ಸಣ್ಣ ಕಪ್ಪು ತೊಟ್ಟು. ಬೆಳಕಿಗೆ ಹಿಡಿದರೆ ಗೋಡೆಯಲ್ಲಿ ಬೂದು, ನಸುಗಂದು ಗೆರೆಗಳು ಕಾಣುತ್ತವೆ. ಕಣಜ ಒಣಮರವನ್ನು ದವಡೆಯಲ್ಲಿ ಕೆರೆದು, ನಾರನ್ನು ಎಂಜಲಲ್ಲಿ ಅಗಿದು, ತೆಳ್ಳಗೆ ಬಳಿದು ಒಣಗಲು ಬಿಡುತ್ತದೆ. ಅದು ಅಪ್ಪಟ ಕಾಗದ. ಯುರೋಪಿನಲ್ಲಿ ಚಿಂದಿಬಟ್ಟೆಯಿಂದ ಕಾಗದ ಮಾಡುತ್ತಿದ್ದ ಕಾಲದಲ್ಲಿ, 1719ರಲ್ಲಿ, ಫ್ರಾನ್ಸಿನ ರೆಯೊಮೂರ್ ಕಣಜದ ಗೂಡು ನೋಡಿ, ಮರದಿಂದಲೂ ಕಾಗದ ಮಾಡಬಹುದಲ್ಲ ಎಂದು ಅಲ್ಲಿನ ವಿಜ್ಞಾನ ಅಕಾಡೆಮಿಯ ಮುಂದೆ ಹೇಳಿದ. ಗಿರಣಿಗಳಿಗೆ ಅದು ಕೈಗೂಡಲು ನೂರು ವರ್ಷಕ್ಕೂ ಹೆಚ್ಚು ಹಿಡಿಯಿತು. ನನ್ನ ಚಿತ್ರದಲ್ಲಿ ಟಿಕೆಟ್ಟೂ ಗೂಡೂ ಅಕ್ಕಪಕ್ಕ ಕೂತಿರುವುದು ಆ ಕಾರಣಕ್ಕೇ. ಯಾರು ಯಾರಿಂದ ಕಲಿತರು ಎಂಬುದನ್ನು ನೋಡುವವರೇ ತೀರ್ಮಾನಿಸಲಿ.

ನಮ್ಮೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಾಘವೇಂದ್ರ ಗದಗ್ಕರ್ ಅವರು ಕಾಗದ ಕಟ್ಟುವ ಇಂಥದೇ ಒಂದು ಕಣಜದ ಸಂಸಾರವನ್ನು ದಶಕಗಳ ಕಾಲ ಅಧ್ಯಯನ ಮಾಡಿದ್ದಾರೆ. ಅದರ ರಾಣಿ ಜಗಳಗಂಟಿಯಲ್ಲ, ಗೂಡಿನ ಸಾಧು ಸದಸ್ಯರಲ್ಲೊಬ್ಬಳು ಎಂದು ಅವರು ಕಂಡುಕೊಂಡಿದ್ದು. ಅವಳ ವಾಸನೆಯ ಸುಳಿವೇ ಸಾಕಂತೆ, ಬೇರೆ ಯಾರೂ ಮೊಟ್ಟೆಯಿಡಲು ಹೋಗುವುದಿಲ್ಲ. ನಮ್ಮ ಅಪಾರ್ಟ್‌ಮೆಂಟಿನ ಸಭೆಗಳಲ್ಲಿ ಕೂತು ಬಂದವರಿಗೆ ಇದನ್ನು ನಂಬುವುದು ಕಷ್ಟ.

ಚಿತ್ರದ ಮೂಲೆಯಲ್ಲಿ ಹೊಳೆಯುವ ಹಸಿರು ಚುಕ್ಕೆಯೂ ಬಣ್ಣವಲ್ಲ, ಜೀರ್ಜಿಂಬೆ ಎಂಬ ಜೀರುಂಡೆಯ ರೆಕ್ಕೆಕವಚ. ಬಯಲುಸೀಮೆಯಲ್ಲಿ ಬೆಳೆದವರಿಗೆ ಜೀರ್ಜಿಂಬೆಯ ಪರಿಚಯ ಹೇಳಬೇಕಿಲ್ಲ. ಬೆಂಕಿಪೊಟ್ಟಣದಲ್ಲಿಟ್ಟು, ಜಾಲಿಸೊಪ್ಪು ಹಾಕಿ, ಮೊಟ್ಟೆಯಿಟ್ಟಿತೇ ಎಂದು ಗಳಿಗೆಗೊಮ್ಮೆ ತೆರೆದು ನೋಡಿದವರೇ ನಾವೆಲ್ಲ. ಆ ಹಸಿರನ್ನು ಟ್ಯೂಬಿನಿಂದ ತೆಗೆಯಲಾಗದು. ಜಮ್ಮು ಸೀಮೆಯ ಬಸೋಹ್ಲಿಯ ಚಿತ್ರಕಾರರು ಇದನ್ನು ಹದಿನೇಳನೆಯ ಶತಮಾನದಲ್ಲೇ ಅರಿತಿದ್ದರು. ನಾಯಿಕೆಯ ಕೊರಳಿಗೆ ಪಚ್ಚೆ ಬೇಕಾದಾಗ ಅವರು ಜೀರುಂಡೆಯ ರೆಕ್ಕೆಕವಚವನ್ನೇ ಕತ್ತರಿಸಿ ಅಂಟಿಸುತ್ತಿದ್ದರು. ಪಿಕಾಸೊ 1912ರಲ್ಲಿ ಚಿತ್ರಕ್ಕೆ ಮೇಣಬಟ್ಟೆ ಅಂಟಿಸಿದ್ದನ್ನು ಕಲಾಶಾಲೆಯಲ್ಲಿ ದೊಡ್ಡ ಕ್ರಾಂತಿಯೆಂದು ಪಾಠ ಮಾಡುತ್ತಿದ್ದರು. ಬಸೋಹ್ಲಿಯ ಮಾತನ್ನು ಯಾರೂ ಎತ್ತಲಿಲ್ಲ. ನನಗೆ ಸಿಕ್ಕ ಕವಚ, ಜಾಲಿಮರದ ಬುಡದಲ್ಲಿ ಸತ್ತು ಬಿದ್ದಿದ್ದ ಹುಳುವಿನದು, ಕೊಂದು ತಂದದ್ದಲ್ಲ.

ಕೊನೆಯ ಹೊಳಪು ಅರಗಿನದು. ಮರದ ರಸ ಹೀರುವ ಪುಟ್ಟ ಹುಳು ತನ್ನ ಮೇಲೆ ತಾನೇ ಸುರಿಸಿಕೊಳ್ಳುವ ಅಂಟು ಅದು. ಚಕ್ಕೆಗಳನ್ನು ಸ್ಪಿರಿಟ್ಟಿನಲ್ಲಿ ನೆನೆಹಾಕಿದರೆ ಜೇನುಬಣ್ಣದ ದ್ರವವಾಗುತ್ತದೆ. ಹತ್ತಿಯುಂಡೆಯಲ್ಲಿ ಅದ್ದಿ, ಒರೆಸಿದ ಕೈ ಎತ್ತುವಷ್ಟರಲ್ಲಿ ಆರಿರುತ್ತದೆ. ಹಿಂದೆ ಮೈಸೂರು ಸೀಮೆಯ ಕಾಡುಗಳಲ್ಲಿ ಜಾಲಾರಿ ಮರದ ಮೇಲೆ ಅರಗು ಬೆಳೆಸುತ್ತಿದ್ದರು. ಚನ್ನಪಟ್ಟಣದ ಬೊಂಬೆಯ ಮಿರುಗೂ, ತಾತನ ಕಾಲದ ಗ್ರಾಮಫೋನ್ ತಟ್ಟೆಯೂ ಅರಗಿನ ಕೃಪೆ. ಇವತ್ತು ಮತ ಹಾಕಿದವರ ಬೆರಳಿಗೆ ಶಾಯಿ ಕೊಡುವ ಮೈಸೂರಿನ ಕಾರ್ಖಾನೆ ಕೂಡ 1937ರಲ್ಲಿ ಅರಗು ಮತ್ತು ಬಣ್ಣದ ಕಾರ್ಖಾನೆಯಾಗಿಯೇ ಶುರುವಾದದ್ದು.

ಹೀಗೆ ಲೆಕ್ಕ ಹಾಕಿದರೆ ಚಿತ್ರದಲ್ಲಿ ನನ್ನ ಕೆಲಸ ಕಡಿಮೆ, ಹುಳುಗಳದ್ದೇ ಹೆಚ್ಚು. ಆದರೂ ಕೆಳಗಿನ ಬಲಮೂಲೆಯಲ್ಲಿ ನನ್ನ ಸಹಿಯಿದೆ. ನಗರವನ್ನು ಕಟ್ಟುವವರು ಯಾರೋ, ಹೆಸರು ಯಾರದೋ ಎಂಬುದು ಇಲ್ಲಿನ ಹಳೆಯ ಪದ್ಧತಿ.

ಮುಂದಿನ ಹಲಗೆ ಸಿದ್ಧವಾಗಿದೆ, ಗೂಡು ಬೇಕು. ನಿಮ್ಮ ಸಜ್ಜಾದ ಕೆಳಗೆ ಕಣಜ ಕಂಡರೆ ಕೂಡಲೇ ಔಷಧಿ ಹೊಡೆಸಬೇಡಿ. ಕೆಣಕದಿದ್ದರೆ ಅವು ತಮ್ಮ ಪಾಡಿಗೆ ಇರುತ್ತವೆ. ಅವು ಬಿಟ್ಟುಹೋದ ಮೇಲೆ ಒಂದು ಮಾತು ತಿಳಿಸಿ. ಏಣಿ ನನ್ನ ಹತ್ತಿರವೇ ಇದೆ.