ಇಬ್ಬರ ಮಾತಿಗೆ ಮೂರನೆಯ ಕಿವಿ

ಕಣ್ಣು ಮಂಜಾದರೆ ಸೊಲ್ಲಾಪುರಕ್ಕೆ ಹೋಗಿ ಚಷ್ಮಾ ಹಾಕಿಸಿಕೊಳ್ಳುತ್ತೇವೆ. ಮಂಡಿ ನೋವಾದರೆ ಮಿರಜದ ತನಕ ಹೋಗುತ್ತೇವೆ. ಲೆಕ್ಕ ಕೂಡದಿದ್ದರೆ ಸಿ.ಎ. ಬಳಿ. ಆದರೆ ಗಂಡ-ಹೆಂಡತಿ ನಡುವೆ ಮಾತು ನಿಂತುಹೋದರೆ ಎಲ್ಲಿಗೆ ಹೋಗಬೇಕು? ನಮ್ಮ ವ್ಯಾಪಾರಿ ಮನೆತನಗಳಲ್ಲಿ ಇದಕ್ಕೆ ಇದ್ದ ದಾರಿ ಎರಡೇ. ಹಿರಿಯರನ್ನು ಕೂಡಿಸಿ ಪಂಚಾಯ್ತಿ ಮಾಡುವುದು, ಇಲ್ಲವೇ "ನಾಲ್ಕು ದಿನ ತವರಿಗೆ ಹೋಗಿ ಬಾ" ಎನ್ನುವುದು. ಇನ್ನೊಂದು ದಾರಿಯೂ ಇದೆಯೆಂದು ನಮಗೆ ತಿಳಿದದ್ದು 2023ರಲ್ಲಿ. ಇದನ್ನು ಇಬ್ಬರೂ ಕೂಡಿಯೇ ಬರೆಯುತ್ತಿದ್ದೇವೆ. ಹಾಗಾಗಿ ಇಲ್ಲಿ ಹೆಚ್ಚಾಗಿ 'ನಾವು' ಎಂದರೆ ನಾವಿಬ್ಬರು.

ನಮ್ಮದು ಅಕ್ಕಲಕೋಟೆಯಲ್ಲಿ ಬಟ್ಟೆ ಅಂಗಡಿ. 2022ರ ದೀಪಾವಳಿ ಮುಗಿದ ಮೇಲೆ ಕಾಕಾನ ಮಕ್ಕಳೊಡನೆ ಪಾಲಾಯಿತು. ಪಾಲಿನಲ್ಲಿ ಮಾಲಿಗಿಂತ ಸಾಲವೇ ನಮ್ಮ ಕಡೆ ಹೆಚ್ಚು ಬಂತು. ಇಬ್ಬರೂ ಕೂತು ಯೋಚಿಸಿಯೇ ಮನೆಯ ಬಂಗಾರ ಅಡವಿಟ್ಟೆವು. ಆ ಮೇಲೆ ಮನೆಯಲ್ಲಿ ಮಾತು ದಿನದಿನಕ್ಕೆ ಕಡಿಮೆಯಾಗುತ್ತ ಹೋಯಿತು. ಒಬ್ಬರಿಗೆ ರಾತ್ರಿ ನಿದ್ದೆ ಇಲ್ಲ. ಇನ್ನೊಬ್ಬರಿಗೆ ಯಾವಾಗಲೂ ಸುಸ್ತು, ಕೈಕಾಲು ಜುಮ್ಮೆನ್ನುವುದು, ಸಣ್ಣ ಮಾತಿಗೂ ಸಿಟ್ಟು. "ಬಾಗಿಲು ಹಾಕಿದಿರೇನು?", "ಹ್ಞೂಂ" ಇಷ್ಟೇ ಸಂಭಾಷಣೆ. ತವರಿಗೆ ಹೋಗಿಬಿಡುವ ಮಾತು ಎರಡು ಸಲ ಬಂತು. ಎರಡನೆಯ ಸಲ ತುಂಬಿದ ಬ್ಯಾಗು ರಾತ್ರಿಯಿಡೀ ಪಡಸಾಲೆಯಲ್ಲೇ ಇತ್ತು.

ನಮ್ಮ ಡಾಕ್ಟರರೇ ಸೊಲ್ಲಾಪುರದ ಆಪ್ತಸಲಹೆಗಾರ್ತಿಯೊಬ್ಬರ ಹೆಸರು ಹೇಳಿದರು. ಸುಮಾರು 40 ಕಿ.ಮೀ. ದೂರ. ಮನೆಯಲ್ಲಿ ಮಾಲು ಖರೀದಿಗೆ ಹೊರಟಿದ್ದೇವೆ ಎಂದೆವು. ಪೂರ್ತಿ ಸುಳ್ಳೇನಲ್ಲ, ಬರುವಾಗ ಚಾದರಿನ ಎರಡು ಗಂಟು ತಂದೆವು.

'ಆಪ್ತ' ಎಂಬ ಶಬ್ದ ಸ್ವಾಧ್ಯಾಯದ ರೂಢಿ ಇದ್ದವರಿಗೆ ಹೊಸದಲ್ಲ. ಸಮಂತಭದ್ರಾಚಾರ್ಯರ 'ಆಪ್ತಮೀಮಾಂಸೆ'ಯ ಆಪ್ತನೆಂದರೆ ದೋಷರಹಿತನಾದ ಸರ್ವಜ್ಞ. ಈ ಆಪ್ತಸಲಹೆಯವರದು ತದ್ವಿರುದ್ಧ. "ನಿಮ್ಮ ಬಾಳು ನನಗಿಂತ ನಿಮಗೇ ಹೆಚ್ಚು ಗೊತ್ತು" ಎಂದೇ ಅವರು ಮಾತು ಆರಂಭಿಸಿದರು. ಈ ನಿಲುವಿನ ಹಿಂದೆ ಅಮೆರಿಕದ ಕಾರ್ಲ್ ರೋಜರ್ಸ್ ಎಂಬ ಮನಶ್ಶಾಸ್ತ್ರಜ್ಞರು ಇದ್ದಾರೆಂದು ಆಮೇಲೆ ತಿಳಿಯಿತು. ಬಂದವರ ಮೇಲೆ ತೀರ್ಪು ಕೊಡದೆ, ಅವರನ್ನು ಇದ್ದಂತೆ ಒಪ್ಪಿಕೊಂಡು ಕೇಳಿದರೆ ಅವರ ದಾರಿ ಅವರಿಗೇ ಕಾಣತೊಡಗುತ್ತದೆ ಎಂಬುದು 1951ರ ಅವರ ಪುಸ್ತಕದ ತಿರುಳು.

ಜಗಳದ ವಿಷಯವನ್ನು ಅವರು ಮೊದಲು ಕೇಳಲೇ ಇಲ್ಲ. ಎಷ್ಟು ಗಂಟೆಗೆ ಮಲಗುತ್ತೀರಿ, ಏನು ಉಣ್ಣುತ್ತೀರಿ, ಯಾರ ಜೊತೆ ಉಣ್ಣುತ್ತೀರಿ, ಅಂಗಡಿಯ ಲೆಕ್ಕ ಯಾರ ಕೈಯಲ್ಲಿದೆ, ಅಳು ಬಂದರೆ ಎಲ್ಲಿ ಹೋಗಿ ಅಳುತ್ತೀರಿ. ಹೀಗೆ ಒಂದು ಗಂಟೆ. ಕೊನೆಗೆ, "ಮನಸ್ಸಿನ ಮಾತು ಆಮೇಲೆ, ಮೊದಲು ಇಬ್ಬರೂ ರಕ್ತ ತಪಾಸಣೆ ಮಾಡಿಸಿರಿ" ಎಂದು ಡಾಕ್ಟರರಿಗೆ ಚೀಟಿ ಬರೆದುಕೊಟ್ಟರು. ಥೈರಾಯಿಡ್ ಸರಿ ಇತ್ತು. ಒಬ್ಬರಿಗೆ ಬಿ-12 ಜೀವಸತ್ತ್ವ ತೀರ ಕಡಿಮೆ. ಇದು ಸಹಜವಾಗಿ ಸಿಗುವುದು ಪ್ರಾಣಿಜನ್ಯ ಆಹಾರದಲ್ಲಿ. ನಮ್ಮಂಥವರಿಗೆ ಹಾಲು-ಮೊಸರೇ ಆಧಾರ. ಅದೂ ಸಾಲದೆ ಹೋದರೆ ಸುಸ್ತು, ಕೈಕಾಲು ಜೋಮು, ಮರೆವು, ಮುಂಗೋಪ, ಮಂಕು ಎಲ್ಲವೂ ಬರಬಹುದು. ಡಾಕ್ಟರರು ಇಂಜೆಕ್ಷನ್ ಕೊಟ್ಟರು. ಸ್ವಭಾವ ಎಂದು ತೋರುತ್ತಿದ್ದುದರಲ್ಲಿ ಒಂದು ಪಾಲು ಸ್ವಭಾವವೇ ಆಗಿರಲಿಲ್ಲ!

ಸಮಗ್ರ ಆಪ್ತಸಲಹೆ ಎಂದರೆ ಇದೇ. ಆರೋಗ್ಯವೆಂದರೆ ರೋಗವಿಲ್ಲದಿರುವುದು ಮಾತ್ರವಲ್ಲ, ದೇಹ, ಮನಸ್ಸು, ಸಮಾಜದ ಬಾಳು ಮೂರೂ ನೆಟ್ಟಗಿರುವುದು ಎಂದು ವಿಶ್ವ ಆರೋಗ್ಯ ಸಂಸ್ಥೆ 1948ರಲ್ಲೇ ಹೇಳಿದೆ. 'ಸಮಗ್ರ' ಎಂಬ ಶಬ್ದವನ್ನೇ ಫಲಕಕ್ಕೆ ಬರೆಸಿ ಉಂಗುರ, ಹರಳು ಮಾರುವವರೂ ಉಂಟು. ಏನು ಓದಿದ್ದೀರಿ, ಎಲ್ಲಿ ತರಬೇತಿ ಆಗಿದೆ ಎಂದು ಕೇಳಲು ಸಂಕೋಚ ಬೇಡ. ಚಿನ್ನ ಕೊಳ್ಳುವಾಗ ಹಾಲ್‌ಮಾರ್ಕ್ ನೋಡುವವರು ನಾವು.

ಎರಡನೆಯ ಭೇಟಿಯಲ್ಲಿ ನಮ್ಮನ್ನು ಬೇರೆಬೇರೆಯಾಗಿ ಕೂಡಿಸಿದರು. ಹೇಳಿದ್ದು ಈ ಕೋಣೆ ದಾಟುವುದಿಲ್ಲ, ಪ್ರಾಣಕ್ಕೆ ಅಪಾಯವಿದ್ದರೆ ಮಾತ್ರ ಮೌನವಾಗಿರಲಾರೆ ಎಂದು ಮೊದಲೇ ತಿಳಿಸಿದರು. ಮನೆಯಲ್ಲಿ ಹೊಡೆತ, ಬೆದರಿಕೆ ಇದೆಯೇ ಎಂದು ಇಬ್ಬರನ್ನೂ ಕೇಳಿದರು. ಇದ್ದಲ್ಲಿ ಜೋಡಿಯಾಗಿ ಕೂಡಿಸುವುದಿಲ್ಲವಂತೆ. ಇಲ್ಲಿ ಬಾಯಿಬಿಟ್ಟ ಮಾತಿಗೆ ಮನೆಗೆ ಹೋದ ಮೇಲೆ ಏಟು ಬೀಳಬಾರದಲ್ಲ. ಮತ್ತೊಂದು ಪ್ರಶ್ನೆಯನ್ನೂ ಸುತ್ತಿಬಳಸದೆ ಕೇಳಿದರು: "ಜೀವ ಸಾಕು ಅನ್ನಿಸಿದ್ದುಂಟೇ?" ಹೀಗೆ ಕೇಳಿದರೆ ಇಲ್ಲದ ವಿಚಾರ ತಲೆಗೆ ಹೊಗುತ್ತದೆಂದು ನಮ್ಮ ಜನ ಹೆದರುತ್ತಾರೆ. ಹಾಗಾಗುವುದಿಲ್ಲ, ಕೇಳಿದರೆ ಎದೆಯ ಭಾರ ಇಳಿಯುವುದೇ ಹೆಚ್ಚು. ನಮ್ಮಲ್ಲೊಬ್ಬರ ಉತ್ತರ "ಹೌದು" ಎಂದಿತ್ತು. ಯಾರೆಂದು ಇಲ್ಲಿ ಬರೆಯುವುದಿಲ್ಲ. ಅಂದೇ ಮನೋವೈದ್ಯರ ಬಳಿ ಕಳಿಸಿದರು. ಎಂಟು ತಿಂಗಳು ಮಾತ್ರೆಯೂ ನಡೆಯಿತು. ಇನ್ನೊಬ್ಬರಿಗೆ ತಿಳಿಸುವುದನ್ನು ಆ ಒಬ್ಬರೇ ತಿಳಿಸಿದೆವು, ಮೂವರೂ ಕೂತಿದ್ದಾಗ.

ಜೋಡಿಯಾಗಿ ಕೂತಾಗ ಮೊದಲು ಮರಾಠಿಯಲ್ಲಿ ಮಾತಾಡಿದೆವು. ಅಂಗಡಿಯಲ್ಲಿ, ಬ್ಯಾಂಕಿನಲ್ಲಿ, ಸರಕಾರಿ ಕಚೇರಿಯಲ್ಲಿ ನಮ್ಮ ಭಾಷೆ ಅದೇ. ಆದರೆ ಸಂಕಟವೂ ಗಿರಾಕಿಯೊಡನೆ ಆಡಿದ ಮಾತಿನ ಹಾಗೆ ಹೊರಟಿತು. ಅವರು ಗಮನಿಸಿ, "ನನಗೆ ಪೂರ್ತಿ ತಿಳಿಯದಿದ್ದರೂ ಚಿಂತೆ ಇಲ್ಲ. ನನ್ನನ್ನು ನೋಡಬೇಡಿರಿ, ಒಬ್ಬರನ್ನೊಬ್ಬರು ನೋಡಿ ನಿಮ್ಮ ಮನೆ ಮಾತಿನಲ್ಲೇ ಹೇಳಿರಿ" ಎಂದರು. "ಬಂಗಾರ ಹೋದದ್ದಕ್ಕಲ್ಲ, ಆಮೇಲೆ ನೀವು ನನ್ನ ಕೊರಳ ಕಡೆ ನೋಡೋದ ಬಿಟ್ಟಿರಿ", "ನೋಡಿದರ ಎದಿ ಒಡದ ಹೋಗ್ತಿತ್ತು". ಎರಡೇ ವಾಕ್ಯ. ಆರು ತಿಂಗಳು ಹೊರಬಾರದ ಎರಡು ವಾಕ್ಯ.

ಯಾರು ಸರಿ ಎಂದು ಅವರು ಒಮ್ಮೆಯೂ ಹೇಳಲಿಲ್ಲ. ಪಂಚಾಯ್ತಿಗೆ ತೀರ್ಪು ಬೇಕು, ತೀರ್ಪು ಬಂದರೆ ಒಬ್ಬರು ಸೋಲಬೇಕು. ಇಲ್ಲಿ ಉಪಚಾರ ಗಂಡನಿಗೂ ಅಲ್ಲ, ಹೆಂಡತಿಗೂ ಅಲ್ಲ, ಇಬ್ಬರ ನಡುವಿನ ಸಂಬಂಧಕ್ಕೆ. ಅಮೆರಿಕದ ವರ್ಜೀನಿಯಾ ಸಟೀರ್ ಎಂಬ ಹೆಣ್ಣುಮಗಳು 1964ರಷ್ಟು ಹಿಂದೆಯೇ ಮನೆಯವರನ್ನು ಕೂಡಿಸಿಕೊಂಡು ಮಾಡುವ ಉಪಚಾರದ ಬಗ್ಗೆ ಪುಸ್ತಕ ಬರೆದಿದ್ದರು. ನಮ್ಮ ದೇಶದಲ್ಲಿ ಅಮೃತಸರದ ಡಾ. ವಿದ್ಯಾಸಾಗರ್ 1950ರ ದಶಕದಲ್ಲಿ ಮಾನಸಿಕ ಆಸ್ಪತ್ರೆಯ ಅಂಗಳದಲ್ಲಿ ಡೇರೆ ಹಾಕಿಸಿ, ರೋಗಿಗಳ ಜೊತೆ ಮನೆಯವರನ್ನೂ ಇರಿಸಿಕೊಂಡಿದ್ದರು. ಇದು ನಮ್ಮ ಅನೇಕಾಂತವೇ ಅಲ್ಲವೇ ಎಂದು ಯಾರಾದರೂ ಅಂದಾರು. ಇರಬಹುದು. ಆದರೆ ಬಸದಿಯಲ್ಲಿ ಸಪ್ತಭಂಗಿ ಕೇಳಿ ಮನೆಗೆ ಬಂದು "ನಾನು ಹೇಳಿದ್ದೇ ಕಡೆ" ಎನ್ನುವವರು ನಮ್ಮಲ್ಲಿ ಕಡಿಮೆಯೇ?

ಅವರು ಹೇಳಿದ್ದರಲ್ಲಿ ಅತ್ಯಂತ ಸಣ್ಣ ಮಾತು ಊಟದ್ದು. ಸೂರ್ಯಾಸ್ತದ ಮೊದಲು ಉಣ್ಣುವ ನಿಯಮ ಇಬ್ಬರಿಗೂ ಇದೆ. ಆದರೆ ಒಬ್ಬರದು ಅಂಗಡಿಗೆ ಹೋದ ಡಬ್ಬಿ, ಇನ್ನೊಬ್ಬರದು ಅಡುಗೆಮನೆಯ ಮೂಲೆ. ಮದುವೆಯಾಗಿ 19 ವರ್ಷದಲ್ಲಿ ಸಂಜೆ ಜೊತೆಗೂಡಿ ಉಂಡದ್ದು ಹಬ್ಬಗಳಲ್ಲಿ ಮಾತ್ರ. ಈಗ ಐದೂವರೆಗೆ ಗಲ್ಲೆಯ ಮೇಲೆ ಹಳೆಯ ಗುಮಾಸ್ತರು ಕೂಡುತ್ತಾರೆ. ಅರ್ಧ ಗಂಟೆ ಮನೆಯಲ್ಲಿ ಇಬ್ಬರ ಊಟ. ಆ ಹೊತ್ತಿನಲ್ಲಿ ಸಾಲದ ಮಾತು ಆಡುವುದಿಲ್ಲ. ಅದಕ್ಕೆ ಭಾನುವಾರ ಬೆಳಿಗ್ಗೆ ಖಾತೆ ಪುಸ್ತಕ ಇಟ್ಟುಕೊಂಡು ಬೇರೆಯೇ ಕೂಡುತ್ತೇವೆ. ಅವ್ವ ಮೊದಮೊದಲು ಗೊಣಗಿದರು, ಈಗ ಅವರೇ ಐದೂಕಾಲಿಗೆ ಫೋನ್ ಮಾಡಿ ಕರೆಯುತ್ತಾರೆ.

ಎಲ್ಲವೂ ನೆಟ್ಟಗಾಯಿತು ಎನ್ನುವಂತಿಲ್ಲ. ಕಾಕಾನ ಮನೆಯವರ ಜೊತೆ ಮಾತು ಇನ್ನೂ ಇಲ್ಲ. ಬಂಗಾರದಲ್ಲಿ ಅರ್ಧ ಬಿಡಿಸಿಕೊಂಡಿದ್ದೇವೆ. ಸೊಲ್ಲಾಪುರಕ್ಕೆ ಒಟ್ಟು ಹನ್ನೊಂದು ಸಲ ಹೋದೆವು. ಖರ್ಚೂ ಆಯಿತು, ಒಂದು ಮಧ್ಯಮ ಮದುವೆಯ ಮುಯ್ಯಿಯಷ್ಟು. ಅಷ್ಟು ದೂರ ಹೋಗಲಾಗದವರಿಗೆ ಸರಕಾರದ ಟೆಲಿ-ಮಾನಸ್ ಇದೆ. 2022ರ ಅಕ್ಟೋಬರಿನಲ್ಲಿ ಆರಂಭವಾದದ್ದು, ಸಂಖ್ಯೆ 14416, ದುಡ್ಡಿಲ್ಲ, ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು. ಮಹಾರಾಷ್ಟ್ರದಿಂದ ಮಾಡಿದರೆ ಮರಾಠಿಯಲ್ಲಿ ಎತ್ತಿಕೊಂಡಾರು. ಕನ್ನಡ ಬೇಕೆಂದು ಕೇಳಿರಿ.