ನಿತ್ಯಸಾಧನೆ

'ಹಾಡುತ್ತ ಹಾಡುತ್ತ ರಾಗ, ನರಳುತ್ತ ನರಳುತ್ತ ರೋಗ' ಎಂಬುದು ಕನ್ನಡ ನಾಡಿನ ಹಳೆಯ ಗಾದೆ. ಅದರ ಮೊದಲ ಭಾಗವನ್ನು ಒಪ್ಪದವರಿಲ್ಲ. ಆದರೆ ಅದರೊಳಗೆ ಅಡಗಿರುವ ನಿಬಂಧನೆಯನ್ನು ಗಮನಿಸುವವರು ವಿರಳ. ಒಂದು ದಿನ ಕುಳಿತು ಬಹಳ ಹೊತ್ತು ಹಾಡಿದರೆ ರಾಗ ಒಲಿಯುತ್ತದೆಂದು ಗಾದೆ ಹೇಳುವುದಿಲ್ಲ. ಹಾಡುತ್ತ, ಮತ್ತೆ ಹಾಡುತ್ತ, ದಿನದಿಂದ ದಿನಕ್ಕೆ ಅದು ಒಲಿಯುತ್ತದೆಂದು ಹೇಳುತ್ತದೆ. ಆರು ದಿನ ಉಪವಾಸವಿದ್ದು ಏಳನೆಯ ದಿನ ವಾರದ ಊಟವನ್ನೆಲ್ಲ ಒಮ್ಮೆಗೇ ಉಂಡು ತೀರಿಸುವುದು ಹೇಗೆ ಆಗದೋ, ಹಾಗೆಯೇ ಆರು ದಿನ ವಾದ್ಯವನ್ನು ಮುಟ್ಟದೆ ಭಾನುವಾರದಂದು ವಾರದ ಅಭ್ಯಾಸವನ್ನೆಲ್ಲ ಮುಗಿಸುವುದೂ ಆಗದ ಮಾತು.

ಸಂಗೀತವನ್ನು ಕಲಿಸುವವರು ಎಲ್ಲ ದೇಶಗಳಲ್ಲಿಯೂ ಈ ಸತ್ಯವನ್ನು ಕಂಡುಕೊಂಡಿದ್ದಾರೆ. ಕರ್ನಾಟಕ ಸಂಗೀತವನ್ನು ಕಲಿಯತೊಡಗಿದ ಮಗು ಮಾಯಾಮಾಳವಗೌಳ ರಾಗದಲ್ಲಿ ಸರಳೆ ವರಸೆಯನ್ನು ಹಾಡುತ್ತದೆ. ಆಮೇಲೆ ಜಂಟಿ ವರಸೆ, ಅಲಂಕಾರಗಳು ಬರುತ್ತವೆ. ಈ ಪಾಠಕ್ರಮವನ್ನು ಹಾಕಿಕೊಟ್ಟವರು ಪುರಂದರದಾಸರೆಂದು ಸಂಪ್ರದಾಯ ಹೇಳುತ್ತದೆ. ಒಂದೇ ವರಸೆಯನ್ನು ಮೊದಲು ನಿಧಾನವಾಗಿ, ಅನಂತರ ಅದರ ಎರಡರಷ್ಟು ವೇಗದಲ್ಲಿ, ಕಡೆಗೆ ನಾಲ್ಕರಷ್ಟು ವೇಗದಲ್ಲಿ ಹಾಡಿಸುವುದು ವಾಡಿಕೆ. ಪಾಶ್ಚಾತ್ಯ ಸಂಗೀತದಲ್ಲಿ ಪಿಯಾನೊ ಕಲಿಯುವ ಮಗುವಿನ ದಿನವೂ ಇದಕ್ಕಿಂತ ಬಹಳ ಬೇರೆಯಲ್ಲ. ಅಲ್ಲಿ ಸರಳೆ ವರಸೆಯ ಸ್ಥಾನದಲ್ಲಿ ಸ್ವರಶ್ರೇಣಿಗಳಿವೆ. ಅವನ್ನು ಸ್ಕೇಲ್‌ಗಳೆಂದು ಕರೆಯುತ್ತಾರೆ.

ಇಟಲಿಯ ಫ್ಲಾರೆನ್ಸ್ ನಗರದಲ್ಲಿ ಬಾರ್ತೊಲೊಮಿಯೊ ಕ್ರಿಸ್ತೊಫೊರಿ ಎಂಬಾತ 1700ರ ಸುಮಾರಿಗೆ ರೂಪಿಸಿದ ವಾದ್ಯ ಪಿಯಾನೊ. ಹಾರ್ಮೋನಿಯಂನಲ್ಲಿರುವಂತೆ ಅದರಲ್ಲಿಯೂ ಬಿಳಿ ಮತ್ತು ಕಪ್ಪು ಮನೆಗಳಿವೆ. ಆದರೆ ಒಳಗೆ ಗಾಳಿಯ ತಿದಿಯಿಲ್ಲ, ಬಿಗಿದ ತಂತಿಗಳಿವೆ. ಮನೆಯನ್ನು ಒತ್ತಿದಾಗ ಪುಟ್ಟ ಸುತ್ತಿಗೆಯೊಂದು ತಂತಿಯನ್ನು ಬಡಿದು ಹಿಂದೆ ಸರಿಯುತ್ತದೆ. ಮೃದುವಾಗಿ ಒತ್ತಿದರೆ ಮೆಲುದನಿ, ಬಿರುಸಾಗಿ ಒತ್ತಿದರೆ ಗಟ್ಟಿದನಿ. ಇಂದಿನ ಪಿಯಾನೊದಲ್ಲಿ 88 ಮನೆಗಳು. 52 ಬಿಳಿ, 36 ಕಪ್ಪು. ಎರಡು ಕೈಗಳೂ ಏಕಕಾಲದಲ್ಲಿ ಬೇರೆ ಬೇರೆ ಮಾತನ್ನಾಡಬೇಕು. ದುರ್ಬಲವಾದ ಉಂಗುರ ಬೆರಳೂ ಬಲವಾದ ಹೆಬ್ಬೆರಳಿನ ಸಮಕ್ಕೆ ನಿಲ್ಲಬೇಕು. ಈ ವಾದ್ಯ ಕನ್ನಡ ನಾಡಿಗೆ ತೀರ ಅಪರಿಚಿತವಲ್ಲ. ಮೈಸೂರಿನ ಮಹಾರಾಜರಾಗಿದ್ದ ಜಯಚಾಮರಾಜ ಒಡೆಯರು ಕರ್ನಾಟಕ ಸಂಗೀತದ ವಾಗ್ಗೇಯಕಾರರಾಗಿದ್ದಂತೆಯೇ ಪಿಯಾನೊ ವಾದನವನ್ನೂ ಶ್ರದ್ಧೆಯಿಂದ ಕಲಿತವರು.

ಈ ವಾದ್ಯದ ಸಾಧನೆ ಹೇಗಿರಬೇಕು, ಹೇಗಿರಬಾರದು ಎಂಬುದನ್ನು ತಿಳಿಯಲು ಜರ್ಮನಿಯ ಲೈಪ್‌ಜಿಗ್ ನಗರದ ಒಂದು ಮನೆಯ ಚರಿತ್ರೆಯನ್ನು ನೋಡಬಹುದು. ಆ ಮನೆಯ ಯಜಮಾನ ಫ್ರೀಡ್ರಿಕ್ ವೀಕ್ ಪಿಯಾನೊ ಶಿಕ್ಷಕ. ಆತನ ಮಗಳು ಕ್ಲಾರಾ 1819ರ ಸೆಪ್ಟೆಂಬರ್ 13ರಂದು ಹುಟ್ಟಿದಳು. ನಾಲ್ಕು ವರ್ಷ ತುಂಬುವವರೆಗೂ ಮಗು ಸರಿಯಾಗಿ ಮಾತನಾಡಲಿಲ್ಲ. ಕಿವಿ ಮಂದವೋ ಎಂದು ಮನೆಯವರು ಶಂಕಿಸಿದ್ದರು. ಐದನೆಯ ವರ್ಷದಲ್ಲಿ ತಂದೆ ಆಕೆಗೆ ಪಾಠ ಆರಂಭಿಸಿದ. ದಿನಕ್ಕೆ ಒಂದು ಗಂಟೆ ಪಾಠ, ಎರಡು ಗಂಟೆ ಅಭ್ಯಾಸ, ಅದರೊಂದಿಗೆ ತಪ್ಪದೆ ಬಯಲಿನಲ್ಲಿ ದೀರ್ಘವಾದ ನಡಿಗೆ. ಇದು ವೀಕ್ ಹಾಕಿದ ಕ್ರಮ. ಆತ ಕಠಿಣ ಸ್ವಭಾವದವನು; ಮಗಳ ಕೀರ್ತಿಯಲ್ಲಿ ತನ್ನ ಕೀರ್ತಿಯನ್ನು ಕಂಡವನು. ಆದರೂ ಗಂಟೆಗಳನ್ನು ಮಿತಿಯಲ್ಲಿಟ್ಟ, ನಡಿಗೆಯನ್ನು ಸಾಧನೆಯ ಒಂದು ಭಾಗವೆಂದೇ ಎಣಿಸಿದ. ಒಂಬತ್ತನೆಯ ವಯಸ್ಸಿನಲ್ಲಿ, 1828ರಲ್ಲಿ, ಕ್ಲಾರಾ ಲೈಪ್‌ಜಿಗ್‌ನ ಗೆವಾಂಡ್‌ಹೌಸ್ ಸಭಾಂಗಣದಲ್ಲಿ ಮೊದಲ ಬಾರಿಗೆ ಜನರೆದುರು ನುಡಿಸಿದಳು. ಹನ್ನೊಂದನೆಯ ವಯಸ್ಸಿನಲ್ಲಿ ತಾನೇ ಪ್ರಧಾನಳಾಗಿ ಅಲ್ಲಿ ಕಚೇರಿ ನಡೆಸಿದಳು.

ಆ ವರ್ಷವೇ, ಅಂದರೆ 1830ರಲ್ಲಿ, ಇಪ್ಪತ್ತು ವರ್ಷದ ತರುಣನೊಬ್ಬ ವೀಕ್‌ನ ಶಿಷ್ಯನಾಗಿ ಅದೇ ಮನೆಯಲ್ಲಿ ಬಂದು ನೆಲೆಸಿದ. ಅವನೇ ರಾಬರ್ಟ್ ಶುಮಾನ್. ತಾಯಿಯ ಇಚ್ಛೆಯಂತೆ ಆತ ನ್ಯಾಯಶಾಸ್ತ್ರ ಓದುತ್ತಿದ್ದ. ಮನಸ್ಸು ಮಾತ್ರ ಸಂಗೀತದಲ್ಲಿತ್ತು. ಮೂರು ವರ್ಷಗಳಲ್ಲಿ ಆತನನ್ನು ದೊಡ್ಡ ವಾದಕನನ್ನಾಗಿ ಮಾಡಬಲ್ಲೆನೆಂದು ವೀಕ್ ಆ ತಾಯಿಗೆ ಪತ್ರ ಬರೆದ. ಆದರೆ ನಿಯಮಬದ್ಧವಾದ ತಾಳ್ಮೆಯ ಅಭ್ಯಾಸಕ್ಕೆ ಈ ತರುಣ ಒಗ್ಗಿಕೊಳ್ಳಬಲ್ಲನೇ ಎಂಬ ಸಂದೇಹವನ್ನೂ ಅದೇ ಪತ್ರದಲ್ಲಿ ಸೂಚಿಸಿದ. ರಾಬರ್ಟನ ಪ್ರತಿಭೆ ಅಸಾಧಾರಣವಾಗಿತ್ತು. ಆದರೆ ಆತನಿಗೆ ಕಾಲ ಕಡಿಮೆಯೆನಿಸಿತು. ಐದನೆಯ ವರ್ಷದಲ್ಲಿ ಆರಂಭಿಸಿದವರು ನಡೆದು ಬಂದ ದಾರಿಯನ್ನು ಇಪ್ಪತ್ತನೆಯ ವರ್ಷದಲ್ಲಿ ಓಡಿ ಮುಗಿಸಬೇಕೆಂದು ಆತ ಬಯಸಿದ. ಬಲಗೈಯ ಬೆರಳೊಂದು ಹೇಳಿದಂತೆ ಕೇಳುತ್ತಿರಲಿಲ್ಲ. ಅದನ್ನು ಬಲಪಡಿಸಲು ಬೆರಳಿಗೆ ತೊಡಿಸುವ ಒಂದು ಸಾಧನವನ್ನು ಬಳಸಿ ನೋಡಿದ.

ಫಲ ವಿಪರೀತವಾಯಿತು. 1832ರ ವೇಳೆಗೆ ಆತನ ಬಲಗೈಯ ನಡುಬೆರಳು ಸೆಟೆದುಕೊಂಡಿತು. ವೈದ್ಯರು ಹೇಳಿದ ಚಿಕಿತ್ಸೆಗಳನ್ನೆಲ್ಲ ಮಾಡಿದ್ದಾಯಿತು. ಬೆರಳು ಮತ್ತೆ ಸ್ವಾಧೀನಕ್ಕೆ ಬರಲಿಲ್ಲ. ಇದಕ್ಕೆ ನಿಜವಾದ ಕಾರಣವೇನೆಂಬ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಸಾಧನವೇ ಕೆಡಿಸಿತೆಂದು ಕೆಲವರು, ಅತಿಯಾದ ಅಭ್ಯಾಸದಿಂದ ಬೆರಳಿನ ಮೇಲಿನ ಹತೋಟಿಯೇ ತಪ್ಪುವ ನರಸಂಬಂಧವಾದ ವ್ಯಾಧಿಯೆಂದು ಮತ್ತೆ ಕೆಲವರು ಹೇಳುತ್ತಾರೆ. ಯಾವುದೇ ಇರಲಿ, ವಾದಕನಾಗಬೇಕೆಂಬ ಆತನ ಕನಸು ಇಪ್ಪತ್ತೆರಡನೆಯ ವಯಸ್ಸಿನಲ್ಲಿಯೇ ಮುರಿಯಿತು. ಆತ ಎದೆಗುಂದಲಿಲ್ಲ, ನುಡಿಸಲಾಗದ ಕೈಯಿಂದ ಬರೆಯತೊಡಗಿ ಹತ್ತೊಂಬತ್ತನೆಯ ಶತಮಾನದ ಮಹಾ ಸಂಗೀತ ರಚನಕಾರರಲ್ಲಿ ಒಬ್ಬನಾದ. ಮುಂದೆ 1850ರಲ್ಲಿ ಎಳೆಯರಿಗಾಗಿ ಪ್ರಕಟಿಸಿದ ಸಂಗೀತ ಸೂತ್ರಗಳಲ್ಲಿ, ಸ್ವರಶ್ರೇಣಿಗಳ ಅಭ್ಯಾಸ ಅಗತ್ಯವೆಂದೂ, ಮನಸ್ಸಿಲ್ಲದೆ ಗಂಟೆಗಟ್ಟಲೆ ಬೆರಳಾಡಿಸುವುದು ವ್ಯರ್ಥವೆಂದೂ ಎಚ್ಚರಿಸಿದ. ಆ ಎಚ್ಚರಿಕೆಯ ಬೆಲೆ ಏನೆಂಬುದನ್ನು ಆತನಿಗಿಂತ ಚೆನ್ನಾಗಿ ಬಲ್ಲವರು ಯಾರಿದ್ದಾರು?

ಅತಿ ಅಭ್ಯಾಸವನ್ನು ಅಂದಿನ ಬೇರೆ ಗುರುಗಳೂ ಮೆಚ್ಚುತ್ತಿರಲಿಲ್ಲ. ಪ್ಯಾರಿಸಿನಲ್ಲಿ ನೆಲೆಸಿದ್ದ ಪೋಲೆಂಡ್ ದೇಶದ ಪಿಯಾನೊ ರಚನಕಾರ ಶೋಪೆನ್, ದಿನಕ್ಕೆ ಆರು ಗಂಟೆ ಅಭ್ಯಾಸ ಮಾಡುತ್ತಿದ್ದ ಶಿಷ್ಯೆಯನ್ನು ಗದರಿಸಿ, ಮೂರು ಗಂಟೆಗಳನ್ನು ಮೀರಬಾರದೆಂದು ವಿಧಿಸಿದನಂತೆ. ಇದಕ್ಕೆ ಶಾಸ್ತ್ರೀಯವಾದ ಆಧಾರವೂ ಇದೆ. ಜರ್ಮನಿಯ ಮನಶ್ಶಾಸ್ತ್ರಜ್ಞ ಹರ್ಮನ್ ಎಬ್ಬಿಂಗ್‌ಹೌಸ್ ನೆನಪಿನ ಶಕ್ತಿಯನ್ನು ಕುರಿತು ತನ್ನ ಮೇಲೆಯೇ ಪ್ರಯೋಗ ನಡೆಸಿ, 1885ರಲ್ಲಿ ಅದರ ಫಲಿತಾಂಶಗಳನ್ನು ಪ್ರಕಟಿಸಿದ. ಒಂದೇ ಕೂರಿಕೆಯಲ್ಲಿ ಅನೇಕ ಸಲ ಓದುವುದಕ್ಕಿಂತ ಕೆಲವು ದಿನಗಳಿಗೆ ಹಂಚಿ ಓದಿದ ಪಾಠ ಹೆಚ್ಚು ಚೆನ್ನಾಗಿ ನಿಲ್ಲುತ್ತದೆಂದು ಆತ ಕಂಡುಕೊಂಡ. ಹಗಲು ಕಲಿತ ಬೆರಳಿನ ಚಲನೆಯನ್ನು ಮೆದುಳು ರಾತ್ರಿ ನಿದ್ರೆಯಲ್ಲಿ ಭದ್ರಪಡಿಸುತ್ತದೆಂದು ಇತ್ತೀಚಿನ ಸಂಶೋಧನೆಗಳು ತೋರಿಸಿವೆ. ಏಳು ದಿನಗಳ ಅಭ್ಯಾಸಕ್ಕೆ ಏಳು ರಾತ್ರಿಗಳ ನೆರವು ದೊರೆಯುತ್ತದೆ. ಭಾನುವಾರದ ಒಂದೇ ಅಭ್ಯಾಸಕ್ಕೆ ದೊರೆಯುವುದು ಒಂದೇ ರಾತ್ರಿ.

ಕ್ಲಾರಾಳ ಸಾಧನೆಯಾದರೂ ಅಡ್ಡಿಯಿಲ್ಲದೆ ನಡೆಯಿತೆಂದು ತಿಳಿಯಬಾರದು. ತಂದೆಯ ವಿರೋಧವನ್ನು ನ್ಯಾಯಾಲಯದಲ್ಲಿ ಗೆದ್ದು 1840ರಲ್ಲಿ ಆಕೆ ರಾಬರ್ಟನನ್ನು ಮದುವೆಯಾದಳು. ಮಕ್ಕಳು ಎಂಟು ಮಂದಿ ಹುಟ್ಟಿದರು. ಪತಿ ರಚನೆಗೆ ಕುಳಿತಾಗ ಮನೆ ನಿಶ್ಶಬ್ದವಾಗಿರಬೇಕಾಗಿತ್ತು. ಪಿಯಾನೊದ ಮುಚ್ಚಳ ಇಡೀ ದಿನ ತೆರೆಯದಿದ್ದುದೂ ಉಂಟು. ತನ್ನ ವಾದನ ಹಿಂದೆ ಬೀಳುತ್ತಿದೆಯೆಂಬ ಕೊರಗನ್ನು ಆಕೆ ದಿನಚರಿಯಲ್ಲಿ ಬರೆದಿಟ್ಟಿದ್ದಾಳೆ. ಆದರೂ ಆಕೆ ಅಭ್ಯಾಸವನ್ನು ಕೈಬಿಡಲಿಲ್ಲ. ಬಿಡುವು ದೊರೆತಾಗಲೆಲ್ಲ ವಾದ್ಯದ ಮುಂದೆ ಕುಳಿತಳು.

ಆ ಹಟ ಸಾರ್ಥಕವಾಗುವ ದಿನ ಬಂದಿತು. 1854ರ ಮಾರ್ಚ್ ತಿಂಗಳಲ್ಲಿ ರಾಬರ್ಟನನ್ನು ಮಾನಸಿಕ ರೋಗಕ್ಕಾಗಿ ಚಿಕಿತ್ಸಾಲಯಕ್ಕೆ ಸೇರಿಸಬೇಕಾಯಿತು. ಕಡೆಯ ಮಗು ಹುಟ್ಟಿದ್ದು ಅದೇ ಜೂನ್ ತಿಂಗಳಲ್ಲಿ. ಏಳು ಮಕ್ಕಳ ಸಂಸಾರ ಒಬ್ಬಳೇ ತಾಯಿಯ ಮೇಲೆ ಬಿದ್ದಿತು. ಸಂಗೀತಗಾರರು ಸಹಾಯಾರ್ಥ ಕಚೇರಿ ನಡೆಸಲು ಮುಂದೆ ಬಂದರು, ಆಕೆ ಒಪ್ಪಲಿಲ್ಲ. ತನ್ನ ಕೈಗಳನ್ನೇ ನಂಬಿದಳು. ಮಗು ಹುಟ್ಟಿ ನಾಲ್ಕು ತಿಂಗಳು ಕಳೆಯುವಷ್ಟರಲ್ಲಿ ಮತ್ತೆ ಊರೂರು ತಿರುಗಿ ನುಡಿಸತೊಡಗಿದಳು. 1856ರಲ್ಲಿ ರಾಬರ್ಟ್ ತೀರಿಕೊಂಡ. ಆಮೇಲೂ ಮೂವತ್ತೈದು ವರ್ಷ ಆಕೆಯ ಕಚೇರಿಗಳು ನಡೆದವು. ಕಡೆಯ ಕಚೇರಿ 1891ರಲ್ಲಿ ಫ್ರಾಂಕ್‌ಫರ್ಟಿನಲ್ಲಿ ನಡೆದಾಗ ಆಕೆಗೆ ಎಪ್ಪತ್ತೊಂದು ವರ್ಷ. ಆಕೆ ನುಡಿಸಿದ ಕಚೇರಿಗಳ ಸುಮಾರು 1,300 ಮುದ್ರಿತ ಕಾರ್ಯಕ್ರಮ ಪಟ್ಟಿಗಳು ಈಗಲೂ ಉಳಿದಿವೆ. ಬಾಲ್ಯದ ಎರಡು ಗಂಟೆಗಳು ಬೆಳೆದು ಒಂದು ಸಂಸಾರಕ್ಕೆ ಅನ್ನವಾದವು.

ಇಷ್ಟು ಕಾಲ ಒಂದೇ ಸ್ವರಶ್ರೇಣಿಗಳನ್ನು ನುಡಿಸಿದರೆ ಬೇಸರ ಬಾರದೆ ಎಂಬ ಪ್ರಶ್ನೆ ಸಹಜ. ಆಕೆ ಅದಕ್ಕೆ ಕಂಡುಕೊಂಡ ಉಪಾಯ ಸೊಗಸಾದುದು. ದಿನವೂ ಸ್ವರಶ್ರೇಣಿಗಳನ್ನು ಆರಂಭಿಸುವ ಮೊದಲು ಆಕೆ ಆ ಕ್ಷಣಕ್ಕೆ ಹೊಳೆದ ಪುಟ್ಟ ಪೀಠಿಕೆಯೊಂದನ್ನು ನುಡಿಸಿಕೊಳ್ಳುತ್ತಿದ್ದಳು. ಸ್ವರಶ್ರೇಣಿ ನಿನ್ನೆಯದು, ಪೀಠಿಕೆ ಇಂದಿನದು. ಅವುಗಳನ್ನು ಬರೆದಿಡಬೇಕೆಂದು ಮಕ್ಕಳು ಕೇಳಿಕೊಂಡಾಗ, 1895ರಲ್ಲಿ, ಮರಣಕ್ಕೆ ಹಿಂದಿನ ವರ್ಷ, ಆಕೆ ಅವುಗಳಲ್ಲಿ ಕೆಲವನ್ನು ಬರೆದುಕೊಟ್ಟಳು. ಕಲಿತುದನ್ನೇ ಮತ್ತೆ ಮಾಡುವುದು ಯಾಂತ್ರಿಕವಾಗಬೇಕಾಗಿಲ್ಲ; ಮನಸ್ಸು ಪ್ರತಿದಿನವೂ ಹೊಸದಾಗಿ ಅಲ್ಲಿಗೆ ಬರಬೇಕು, ಅಷ್ಟೆ.

ಸಾಧನೆಯನ್ನು ರೂಢಿಯಾಗಿಸುವ ಮಾರ್ಗ ಕಷ್ಟದ್ದಲ್ಲ. ಆದರೆ ಅದಕ್ಕೆ ವಿವೇಕ ಬೇಕು. ಮೊದಲನೆಯದು, ಹೊತ್ತು ಮತ್ತು ಸ್ಥಳಗಳ ನಿಶ್ಚಯ. 'ಬಿಡುವಾದಾಗ ಮಾಡೋಣ' ಎಂದವನಿಗೆ ಬಿಡುವು ಆಗುವುದೇ ಇಲ್ಲ. ಸ್ನಾನದ ಅನಂತರ, ಸಂಜೆ ದೀಪ ಹಚ್ಚುವ ಮುನ್ನ, ಎಂದು ದಿನವೂ ತಪ್ಪದೆ ನಡೆಯುವ ಕೆಲಸವೊಂದಕ್ಕೆ ಅಭ್ಯಾಸವನ್ನು ಗಂಟು ಹಾಕಿದರೆ ಅದು ತಾನಾಗಿ ನೆನಪಿಗೆ ಬರುತ್ತದೆ. ಎರಡನೆಯದು, ಅಲ್ಪದಿಂದ ಆರಂಭ. ಮೊದಲ ದಿನವೇ ಎರಡು ಗಂಟೆಯ ವ್ರತ ತೊಟ್ಟವನು ನಾಲ್ಕನೆಯ ದಿನ ದಣಿಯುತ್ತಾನೆ. ಹದಿನೈದು ನಿಮಿಷದಿಂದ ಹೊರಟವನು ವರ್ಷದ ಕೊನೆಗೆ ತಾನಾಗಿಯೇ ಗಂಟೆಯನ್ನು ಮುಟ್ಟುತ್ತಾನೆ. ಮೂರನೆಯದು, ನಿಧಾನ. ಬೆರಳಿಗೆ ಸರಿ ತಪ್ಪುಗಳ ವಿವೇಚನೆಯಿಲ್ಲ; ಹತ್ತು ಸಲ ತಪ್ಪಾಗಿ ನುಡಿಸಿದರೆ ಅದು ತಪ್ಪನ್ನೇ ಶ್ರದ್ಧೆಯಿಂದ ಕಲಿಯುತ್ತದೆ. ಆದುದರಿಂದ ತೊಡಕಿನ ಭಾಗವನ್ನು ಬಿಡಿಸಿಕೊಂಡು, ಮೊದಲು ಒಂದೊಂದೇ ಕೈಯಿಂದ, ತಪ್ಪು ಬಾರದಷ್ಟು ನಿಧಾನವಾಗಿ ನುಡಿಸಬೇಕು. ನಾಲ್ಕನೆಯದು, ನೋವು ಕಂಡೊಡನೆ ನಿಲ್ಲಿಸುವುದು. ನೋವನ್ನು ಮೆಟ್ಟಿ ನುಡಿಸುವುದು ಶೌರ್ಯವಲ್ಲ. ಕಡೆಯದು, ಒಂದು ದಿನ ತಪ್ಪಿದರೆ ಮರುದಿನ ಎಂದಿನಂತೆ ಕುಳಿತುಕೊಳ್ಳುವುದು. ಜ್ವರ, ಪ್ರಯಾಣ, ಮದುವೆ ಮನೆಗಳು ಯಾರಿಗೂ ತಪ್ಪಿದ್ದಲ್ಲ. ತಪ್ಪಿದ ದಿನದ ಬಾಕಿಯನ್ನು ಮರುದಿನ ಇಮ್ಮಡಿಯಾಗಿ ತೀರಿಸಹೊರಟರೆ ಅಭ್ಯಾಸ ಸಾಲದ ಹೊರೆಯಾಗುತ್ತದೆ.

ಪಿಯಾನೊ ಎಲ್ಲರ ಮನೆಯಲ್ಲಿಯೂ ಇರುವ ವಾದ್ಯವಲ್ಲ. ಕ್ಲಾರಾಳಷ್ಟು ನುಡಿಸುವ ಯೋಗವೂ ಎಲ್ಲರಿಗೂ ಬರುವುದಿಲ್ಲ. ಆದರೆ ವೀಣೆ ಹಿಡಿದವನಿಗೂ, ಮೃದಂಗ ಬಾರಿಸುವವನಿಗೂ, ಗಣಿತದ ಲೆಕ್ಕ ಬಿಡಿಸುವವನಿಗೂ, ಓಟದ ಪಂದ್ಯಕ್ಕೆ ಸಿದ್ಧನಾಗುವವನಿಗೂ ನಿಯಮ ಒಂದೇ. ಆತುರ ಒಂದೇ ದಿನದಲ್ಲಿ ಎಲ್ಲವನ್ನೂ ಕೇಳುತ್ತದೆ, ಕೆಲವೊಮ್ಮೆ ಇದ್ದುದನ್ನೂ ಕಸಿದುಕೊಳ್ಳುತ್ತದೆ. ನಿತ್ಯಸಾಧನೆ ದಿನಕ್ಕೆ ಇಷ್ಟೇ ಇಷ್ಟನ್ನು ಕೇಳುತ್ತದೆ. ಹಾಗೆ ಕೊಟ್ಟದ್ದು ವ್ಯರ್ಥವಾಗುವುದಿಲ್ಲ. ಅಗತ್ಯ ಬಿದ್ದ ದಿನ ಅದು ಮನುಷ್ಯನ ಬಲವಾಗಿ ಬಂದು ನಿಲ್ಲುತ್ತದೆ.