ಹನಿ ಎಣಿಸೂ ಕೆಲಸ

ಹವಳ ಅಂದ್ರ ನಮ್ಮ ಕಡೆ ಹೆಣ್ಮಕ್ಕಳಿಗೆ ಗೊತ್ತಿರೂದು ಬಂಗಾರದ ಗುಂಡಿನ ಜೋಡಿ ಪೋಣಿಸಿದ ಕೆಂಪು ಮಣಿ. ಹವಳ ಕಟ್ಟೂದು ಒಂದು ಜೀವ, ಅದಕ್ಕ ದಿನಾ ಸುಣ್ಣದ ಅಂಶ ಬೇಕು ಅನ್ನೂದು ನನಗ ತಿಳದದ್ದು ಮಗಳ ಬಾಣಂತನಕ್ಕ ಅಂತ ಅಮೆರಿಕಾದ ಟೆಕ್ಸಾಸ್‌ಗೆ ಹೋದಾಗ.

ಅಕಿ ಮನಿಯೊಳಗ 400 ಲೀಟರಿನ ಉಪ್ಪುನೀರಿನ ಟ್ಯಾಂಕ್ ಅದ. ಅದರಾಗ ಮೀನಕಿಂತ ಹವಳನ ಹೆಚ್ಚು. ಸಮುದ್ರದಿಂದ ಕಿತ್ತು ತಂದದ್ದಲ್ಲ. ನಾವು ದಾಸವಾಳದ ಟೊಂಗಿ ಕೊಟ್ಟಂಗ, ಅಲ್ಲಿ ಹವಳ ಸಾಕೂ ಮಂದಿ ಒಬ್ಬರಿಗೊಬ್ಬರು ತುಂಡು ಕೊಟ್ಟು ಬೆಳಸತಾರ. ನಮ್ಮ ದೇಶದಾಗ ಗಟ್ಟಿ ಹವಳಕ್ಕ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಅದ. ನೇತ್ರಾಣಿ ದ್ವೀಪಕ್ಕ ಹೋದವ್ರು ಒಂದು ಚೂರೂ ಮುರಕೊಂಡು ಬರೂಹಂಗಿಲ್ಲ. ಮಗಳು ಆರು ವರ್ಷದಿಂದ ಸಾಕ್ಯಾಳ. ಬೆರಳಿನ ತುದಿಯಷ್ಟಿದ್ದ ತುಂಡು ಈಗ ಅಂಗೈಯಷ್ಟು ಆಗ್ಯದ.

ಗಟ್ಟಿ ಹವಳ ನೀರಿನಾಗಿನ ಕ್ಯಾಲ್ಸಿಯಂ ಮತ್ತ ಕಾರ್ಬೊನೇಟ್ ಎಳಕೊಂಡು ತನ್ನ ಗೂಡು ಕಟ್ಟತದ. ಸಮುದ್ರಕ್ಕ ಅದೇನೂ ಲೆಕ್ಕಿಲ್ಲ, ಟ್ಯಾಂಕಿನಾಗ ಮಾತ್ರ ದಿನಾ ಕಡಿಮಿ ಆಗ್ತದ. ಅದನ್ನ ತಿಳಕೊಳ್ಳಾಕ ನೀರಿನ ಕ್ಷಾರತೆ ಅಳೀತಾರ. ಅದರ ಅಳತಿಗೆ ಡಿಕೆಎಚ್ ಅಂತಾರ. ಸಮುದ್ರದಾಗ ಸುಮಾರು 7 ಇರ್ತದ, ಮಗಳು 8.4ಕ್ಕ ಇಡ್ತಾಳ.

ಖರ್ಚಾದದ್ದನ್ನ ತುಂಬಾಕ ಇರೂದು ಕ್ಯಾಲ್ಸಿಯಂ ರಿಯಾಕ್ಟರ್. ಹೆಸರು ದೊಡ್ಡದು, ನೋಡಿದ್ರ ಒಂದು ಮುಚ್ಚಿದ ಉದ್ದನ ಡಬ್ಬಿ. ಒಳಗ ಸತ್ತ ಹವಳದ ಹರಳು ತುಂಬಿರ್ತಾರ. ಸಣ್ಣ ಸಿಲಿಂಡರಿನಿಂದ ಕಾರ್ಬನ್ ಡೈಆಕ್ಸೈಡ್ ಗುಳ್ಳಿ ಗುಳ್ಳಿಯಾಗಿ ಹೋಗ್ತದ. ಒಳಗಿನ ನೀರು ಸೋಡಾದ್ಹಂಗ ಹುಳಿ ಆಗಿ ಹರಳು ಕರಗಸ್ತದ. ಆ ನೀರು ಹನಿ ಹನಿಯಾಗಿ ಟ್ಯಾಂಕಿಗೆ ಬೀಳ್ತದ. ಒಳಗಿನ ಪಿಎಚ್ 6.6ಕ್ಕ ಇಳದ್ರ ಗ್ಯಾಸ್ ತಾನ ಬಂದ್ ಆಗ್ತದ, ಏರಿದ್ರ ಚಾಲೂ ಆಗ್ತದ.

ಮಗಳು ಎಲ್ಲಾ ಒಂದು ನೋಟ್‌ಬುಕ್ಕಿನ್ಯಾಗ ಕನ್ನಡದಾಗ ಬರದು ಕೊಟ್ಟಿದ್ಲು. ದಿನಾ ಮುಂಜಾನೆ ಅದ ಹೊತ್ತಿಗೆ ನೀರು ತಗೊಂಡು, ಸಿರಿಂಜಿನಿಂದ ಹನಿ ಹಾಕಿ, ಬಣ್ಣ ತಿರಗೂತನಾ ಎಣಿಸಬೇಕು. ನಾ ಪಿಯುಸಿ ಸೈನ್ಸ್ ಓದಿದಾಕಿ. ಲ್ಯಾಬಿನ್ಯಾಗ ಬ್ಯೂರೆಟ್ ಹಿಡದು ಇದನ್ನ ಮಾಡಿದ್ದೆ. ಪಿಯುಸಿ ಮುಗದ ವರ್ಷನ ಲಗ್ನ ಆತು. ಆಮ್ಯಾಲೆ ಆ ಕೈಗೆ ಇಂಥಾ ಕೆಲಸ ಸಿಕ್ಕಿದ್ದಿಲ್ಲ.

ಮಗಳು ದವಾಖಾನಿಗೆ ಹೋದ ದಿನ ನಂಬರು 8.4 ಇತ್ತು. ಮರುದಿನ, ಅಕಿಗೆ ಸಿಸೇರಿಯನ್ ಆಗಿ ಮೊಮ್ಮಗಳು ಹುಟ್ಟಿದ ದಿನ, 7.9. ಅದರ ಮರುದಿನ 7.4. ಮನಿಯೊಳಗ ನಾ ಒಬ್ಬಾಕಿನ. ಆರು ವರ್ಷದ ಜೀವ ನನ್ನ ಕೈಯಾಗ. ಹೊಟ್ಟಿ ಕೊಯ್ಸಿಕೊಂಡು ಮಲಗಿದಾಕಿಗೆ ಇದನ್ನ ಹೆಂಗ ಹೇಳ್ಲಿ? ಅಳಿಯಂದ್ರಿಗೆ ಫೋನ್ ಮಾಡಿದೆ. ಎರಡು ರಾತ್ರಿ ನಿದ್ದಿ ಇಲ್ಲದ ಧ್ವನಿ. "ಗ್ಯಾಸ್ ಒಂಚೂರು ಹೆಚ್ಚ ಮಾಡಿಬಿಡ್ರಿ, ಅತ್ತಿಯವರ" ಅಂದ್ರು.

ಹೂಂ ಅಂದೆ, ಆದ್ರ ಗ್ಯಾಸ್ ಮುಟ್ಟಲಿಲ್ಲ. ಪಿಎಚ್ 6.6ನ ತೋರಸಾಕತ್ತಿತ್ತು. ಅಂದ ಮ್ಯಾಲೆ ಗ್ಯಾಸಿಂದು ತಕರಾರಿಲ್ಲ. ಉಳದದ್ದು ಹನಿ. ಅಳತಿ ಗ್ಲಾಸ್ ಹಿಡದು, ಮೊಬೈಲಿನ್ಯಾಗ ಒಂದು ನಿಮಿಷ ಹಚ್ಚಿ ನೋಡಿದೆ. 7 ಮಿಲಿ ಬಿತ್ತು. ನೋಟ್‌ಬುಕ್ಕಿನ್ಯಾಗ 14 ಇತ್ತು.

ಲೆಕ್ಕ ನೋಡ್ರಿ. ರಿಯಾಕ್ಟರಿನ ನೀರು 28, ಟ್ಯಾಂಕಿನ ನೀರು ಹತ್ರತ್ರ 8. ಒಂದೊಂದು ಲೀಟರೂ 20 ಹೆಚ್ಚಿಗಿ ತರ್ತದ. ಆ 400 ಲೀಟರಿನಾಗ ಹವಳ ದಿನಕ್ಕ 1 ಖರ್ಚು ಮಾಡ್ತದ ಅಂದ್ರ, ದಿನಕ್ಕ 20 ಲೀಟರ್ ಬೀಳಬೇಕು. ಅದು ನಿಮಿಷಕ್ಕ 14 ಮಿಲಿ ಆಗ್ತದ. ಅರ್ಧ ಬಿದ್ರ ದಿನಾ ಅರ್ಧ ಇಳೀತದ. 8.4, 7.9, 7.4. ಲೆಕ್ಕ ಕೂಡಿದ ಮ್ಯಾಲೆ ಎದಿ ಹಗುರಾತು.

ಗ್ಯಾಸ್ ಬಂದ್ ಮಾಡಿ, ಹನಿ ಬೀಳೂ ಸಣ್ಣ ನಳ ಬಿಚ್ಚಿದೆ. ಬೋರಿನ ನೀರು ಕಾಸೂ ಗೀಜರಿನ ಕಾಯಿಲಿಗೆ ಹತ್ತತದಲ್ಲ, ಅಂಥಾ ಬಿಳಿ ಸುಣ್ಣ ಗಟ್ಟಿಯಾಗಿ ಬಾಯಿ ಕಟ್ಟಿತ್ತು. ಅರ್ಧ ತಾಸು ವಿನೆಗರಿನ್ಯಾಗ ನೆನಿ ಇಟ್ಟು, ತೊಳದು ಹಾಕಿದೆ. ಹನಿ ಸರಾಗ ಬಂತು.

ಇಲ್ಲೇ ಕೈ ತಡೀಬೇಕು. 7.4ರಿಂದ ಒಮ್ಮೆಲೆ 8.4ಕ್ಕ ಏರಸೂಣು ಅಂತ ಜೀವ ತಡಬಡಸ್ತದ. ಆದ್ರ ಹವಳಕ್ಕ ಸ್ವಲ್ಪ ಕಡಿಮಿ ಇದ್ರ ನಡೀತದ, ಏರಿಳಿತ ನಡಿಯೂದಿಲ್ಲ. 14 ಇಟ್ರ ಇದ್ದಲ್ಲೇ ನಿಲ್ಲತದ. ಅದಕ್ಕ 17 ಇಟ್ಟೆ. ದಿನಕ್ಕ ಕಾಲು ಕಾಲು ಏರಿತು. ಮಗಳು ಕೂಸಿನ ಕರಕೊಂಡು ಮನಿಗೆ ಬಂದ ದಿನ 7.6 ಇತ್ತು. ಮತ್ತ ಮೂರು ದಿನಕ್ಕ 8.4 ಆತು, 14ಕ್ಕ ತಿರಗಿ ಇಳಿಸಿದೆ.

ಅಕಿ ಹಾಸಿಗ್ಯಾಗ ಕೂತು ನಾ ಬರದದ್ದನ್ನೆಲ್ಲಾ ಓದಿದ್ಲು. "ಅವ್ವಾ, ಗ್ಯಾಸ್ ಮುಟ್ಟಿದ್ದಿಲ್ಲಲ್ಲ?" ಅಂತ ಕೇಳಿದ್ಲು. ಇಲ್ಲ ಅಂದೆ. ಗ್ಯಾಸ್ ಹೆಚ್ಚಾಗಿ ಪಿಎಚ್ ಭಾಳ ಇಳದಿದ್ರ ಒಳಗಿನ ಹರಳು ರಾಡಿ ಆಗ್ತಿತ್ತಂತ, ಬಾಯಿ ಕಟ್ಟಿದ ನಳ ಹಂಗ ಇರ್ತಿತ್ತು. "ಇಷ್ಟು ಚಂದ ಲೆಕ್ಕ ನಾನೂ ಬರದಿಟ್ಟಿಲ್ಲ" ಅಂದ್ಲು. ನಾ ಮಾತಾಡಲಿಲ್ಲ, ಅಂಟಿನುಂಡಿ ಕಟ್ಟೂದಿತ್ತು, ಅಡಗಿ ಮನಿಗೆ ಹೋದೆ.

ಯಾರ ಮನಿಯೊಳಗರ ಇಂಥಾದ್ದು ಇದ್ರ ಇಷ್ಟು ನೆನಪಿಡ್ರಿ. ಮೊದಲ ಹನಿ ಅಳೀರಿ, ಆಮ್ಯಾಲೆ ಪಿಎಚ್ ನೋಡ್ರಿ, ಗ್ಯಾಸಿನ ಮಾತು ಕಡೀಕ. ಒಮ್ಮೆಗೆ ಒಂದ ತಿರುವು ಮುಟ್ರಿ, ಮುಟ್ಟಿದ ಮ್ಯಾಲೆ ಒಂದಿನ ಸುಮ್ಮನಿರ್ರಿ. ಮುಟ್ಟೂದು ಯಾರಿಗೂ ಬರ್ತದ, ಸುಮ್ಮನಿರೂದು ಕಲೀಬೇಕು.

ಈಗ ಧಾರವಾಡದಾಗ ಇದ್ದೀನಿ. ಮಗಳು ದಿನಾ ವಾಟ್ಸ್ಯಾಪಿನ್ಯಾಗ ಎರಡು ಸುದ್ದಿ ಕಳಸ್ತಾಳ: ಕೂಸಿನ ಫೋಟೋ, ಮತ್ತ ಒಂದು ನಂಬರು. ನಿನ್ನೆ 8.3 ಇತ್ತು. "ಏನೂ ಮುಟ್ಟಬ್ಯಾಡ, ನಾಳೆ ಮತ್ತ ನೋಡು" ಅಂತ ಬರದೆ.